ಕರುಳಿನ ಉರಿಯೂತ ಇರುವ ಮಗುವಿಗೆ ಪಿತ್ತನಾಳದ ಕಾಯಿಲೆ: ಯಾವ ಔಷಧಿಯನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಮ್ಮದು ಗಂಗಾವತಿ ಹತ್ತಿರದ ಹಳ್ಳಿ, ಭತ್ತದ ಹೊಲ ಇದೆ. ಮಗನಿಗೆ 11 ವರ್ಷ, ತೂಕ 28 ಕೆ.ಜಿ. ಒಂದೂವರೆ ವರ್ಷದಿಂದ ಆಗಾಗ ಭೇದಿ, ಕೆಲವು ಸಲ ರಕ್ತ. ಮೊದಲು ಆಮಶಂಕೆ ಅಂದರು, ಆಮೇಲೆ ಮೂಲವ್ಯಾಧಿ ಅಂದರು. ಬಳ್ಳಾರಿಯಲ್ಲಿ ಲಿವರ್‌ನ ರಕ್ತ ಪರೀಕ್ಷೆ ಮಾಡಿಸಿದಾಗ ಎಸ್‌ಜಿಪಿಟಿ 142, ಜಿಜಿಟಿ 386, ಆಲ್ಕಲೈನ್ ಫಾಸ್ಫಟೇಸ್ 610, ಬಿಲಿರುಬಿನ್ 0.9 ಬಂತು. ಬೆಂಗಳೂರಿನಲ್ಲಿ ಕೊಲೊನೊಸ್ಕೋಪಿ, ಎಂಆರ್‌ಸಿಪಿ ಸ್ಕ್ಯಾನ್ ಮಾಡಿ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ), ಜೊತೆಗೆ ಪಿಎಸ್‌ಸಿ ಎಂದಿದ್ದಾರೆ. ಅರ್ಸೊಡಿಯಾಕ್ಸಿಕೋಲಿಕ್ ಆಮ್ಲ 300 ಮಿ.ಗ್ರಾಂ ದಿನಕ್ಕೆ ಎರಡು ಸಲ, ಮೆಸಲಮೈನ್ 400 ಮಿ.ಗ್ರಾಂ ಮೂರು ಸಲ ಕೊಡುತ್ತಿದ್ದೇವೆ. ಇನ್ನೊಬ್ಬ ಡಾಕ್ಟರು ವ್ಯಾಂಕೊಮೈಸಿನ್ ಕುಡಿಸಿದರೆ ನಾಳ ಸರಿಹೋಗುತ್ತದೆ ಎನ್ನುತ್ತಾರೆ. ಮಾವನವರು ಕಾಮಣಿ ಔಷಧಿ ಕೊಡಿಸಿ ಎಂದು ಹಟ ಹಿಡಿದಿದ್ದಾರೆ. ಇದು ಬೋರ್ ನೀರಿನಿಂದ ಬಂತೋ, ಮಿರ್ಚಿ ತಿಂದು ಬಂತೋ? ದೊಡ್ಡ ಕರುಳು ತೆಗೆಸಿದರೆ ಲಿವರ್ ಉಳಿಯುತ್ತದೆಯೇ? ಕೊನೆಗೆ ಲಿವರ್ ಬದಲಿಸಲೇಬೇಕಾ? ಅವನ ತಂಗಿಗೂ ಬರಬಹುದಾ?

ಉತ್ತರ: ಪತ್ರವನ್ನು ವರದಿಗಳ ಜೊತೆ ಇಟ್ಟು ಓದಿದರೆ ನಿಮ್ಮ ಆತಂಕ ಏನೆಂದು ತಿಳಿಯುತ್ತದೆ. ಇದನ್ನು ನಿಲ್ಲಿಸುವ ಔಷಧಿ ಎಲ್ಲೋ ಇದೆ, ನಾವೇ ತಡಮಾಡುತ್ತಿದ್ದೇವೆ ಎಂದು ನಿಮಗೆ ಅನ್ನಿಸುತ್ತಿದೆ. ಹಾಗಾಗಿ ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ಪ್ರೈಮರಿ ಸ್ಕ್ಲೆರೋಸಿಂಗ್ ಕೊಲಾಂಜೈಟಿಸ್, ಅಂದರೆ ಪಿಎಸ್‌ಸಿಯಲ್ಲಿ ಪಿತ್ತನಾಳಗಳು ಕಲೆಗಟ್ಟುವುದನ್ನು ತಡೆಯುತ್ತದೆ ಎಂದು ಸಾಬೀತಾದ ಔಷಧಿ ಇವತ್ತಿಗೂ ಇಲ್ಲ. ಬೆಂಗಳೂರಿನಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ಆದರೆ ಈ ಮಗುವಿಗೆ ಮಾಡಬಹುದಾದದ್ದು ಬಹಳ ಇದೆ. ಅದರಲ್ಲಿ ಎರಡು ಮುಖ್ಯ ಕೆಲಸ ಇನ್ನೂ ಆದಂತೆ ಕಾಣುವುದಿಲ್ಲ. ಲಿವರ್‌ನ ಬಯಾಪ್ಸಿ (ಸೂಜಿಯಿಂದ ಚೂರು ತೆಗೆದು ನೋಡುವುದು) ಮತ್ತು ರಕ್ತದ ಐಜಿಜಿ (ಪ್ರತಿಕಾಯಗಳ ಮಟ್ಟ) ಪರೀಕ್ಷೆ ನಿಮ್ಮ ವರದಿಗಳಲ್ಲಿಲ್ಲ. ಕರುಳಿನ ಔಷಧಿಯ ಪ್ರಮಾಣ ತೂಕಕ್ಕೆ ಸಾಲುವಂತಿಲ್ಲ. ವ್ಯಾಂಕೊಮೈಸಿನ್ ವಿಚಾರ ಇವೆರಡರ ನಂತರ.

ಕಾಯಿಲೆ ಹೇಗೆ ನಡೆಯುತ್ತದೆ ಎಂಬುದು ಭತ್ತ ಬೆಳೆಯುವವರಿಗೆ ಬೇಗ ಅರ್ಥವಾಗುತ್ತದೆ. ಲಿವರ್‌ನೊಳಗಿನ ಸಣ್ಣ ಪಿತ್ತನಾಳಗಳು ಗದ್ದೆಯ ಬಸಿಗಾಲುವೆಗಳಿದ್ದಂತೆ. ಒಂದಕ್ಕೊಂದು ಕೂಡಿ ದೊಡ್ಡದಾಗಿ ಕೊನೆಗೆ ಸಣ್ಣ ಕರುಳಿಗೆ ಬೀಳುತ್ತವೆ. ಈ ಕಾಯಿಲೆಯಲ್ಲಿ ನಾಳದ ಗೋಡೆ ಅಲ್ಲಲ್ಲಿ ಊದಿಕೊಂಡು, ಗಾಯ ಮಾಗಿದಂತೆ ಗಟ್ಟಿಯಾಗಿ ಕಿರಿದಾಗುತ್ತದೆ; ನಡುವಿನ ಭಾಗ ಉಬ್ಬುತ್ತದೆ. ಸ್ಕ್ಯಾನ್‌ನಲ್ಲಿ ಮಣಿಸರದಂತೆ ಕಾಣುವುದು ಇದೇ ಕಾರಣಕ್ಕೆ. ಬಸಿಗಾಲುವೆ ಕಟ್ಟಿಕೊಂಡರೆ ಗದ್ದೆ ಜವಳಾಗುವ ಹಾಗೆ, ಹಿಂದಕ್ಕೆ ನಿಂತ ಪಿತ್ತ ಲಿವರ್‌ನ ಜೀವಕೋಶಗಳನ್ನು ಕೆಡಿಸುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಅದು ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು. (ನಮ್ಮ ಕಡೆ ವಾಕರಿಕೆ, ತಲೆಸುತ್ತು ಬಂದರೆ ‘ಪಿತ್ತ ಆಗೈತಿ’ ಎನ್ನುತ್ತಾರಲ್ಲ, ಆ ಪಿತ್ತಕ್ಕೂ ಇದಕ್ಕೂ ಸಂಬಂಧವಿಲ್ಲ.)

ಕರುಳಿಗೂ ಇದಕ್ಕೂ ಏನು ನಂಟು? ಕರುಳಿನ ರಕ್ತವೆಲ್ಲ ಪೋರ್ಟಲ್ ವೇನ್ ಎಂಬ ರಕ್ತನಾಳದ ಮೂಲಕ ಮೊದಲು ಲಿವರ್‌ಗೇ ಹೋಗುತ್ತದೆ. ಉರಿಯೂತದ ಕರುಳಿನಿಂದ ಬ್ಯಾಕ್ಟೀರಿಯಾಗಳ ಅಂಶ, ಕರುಳಿನಲ್ಲಿ ಕೆರಳಿದ ರಕ್ಷಣಾ ಕೋಶಗಳು ಅದೇ ದಾರಿಯಲ್ಲಿ ಸಾಗುತ್ತವೆ. ಹುಟ್ಟಿನಿಂದ ಬಂದ ಕೆಲವು ವಂಶವಾಹಿಗಳಿದ್ದರೆ ಆ ಕೋಶಗಳು ಪಿತ್ತನಾಳವನ್ನೇ ಶತ್ರುವೆಂದು ಎಣಿಸುತ್ತವೆ ಎಂಬುದು ಈಗಿನ ತಿಳಿವಳಿಕೆ. ಪಿಎಸ್‌ಸಿ ಇರುವ ಮಕ್ಕಳಲ್ಲಿ ಮುಕ್ಕಾಲು ಪಾಲಿಗೆ ಕರುಳಿನ ಉರಿಯೂತವೂ ಇರುತ್ತದೆ. ಒಂದು ವಿಚಿತ್ರವೆಂದರೆ ಇಂಥ ಮಕ್ಕಳ ಕರುಳು ಒಳಗೆ ಉದ್ದಕ್ಕೂ ಕೆಂಪಾಗಿದ್ದರೂ ಹೊರಗೆ ಲಕ್ಷಣ ಕಡಿಮೆ. ಗುದದ ಹತ್ತಿರ ಹುಣ್ಣು ಇಲ್ಲದೆ, ಬಲಭಾಗದಲ್ಲೇ ಜಾಸ್ತಿ ಇರುವುದೂ ಉಂಟು. ಹಾಗಾಗಿ ಆಮಶಂಕೆ, ಮೂಲವ್ಯಾಧಿ ಎಂದು ತಿಂಗಳುಗಳು ಕಳೆಯುತ್ತವೆ. 11 ವರ್ಷದ ಮಗುವಿಗೆ ತಿಂಗಳಾನುಗಟ್ಟಲೆ ರಕ್ತ ಬಿದ್ದರೆ ಮೂಲವ್ಯಾಧಿ ಎಂಬುದು ಕೊನೆಯಲ್ಲಿ ನೆನಪಾಗಬೇಕಾದ ಉತ್ತರ.

ಬೋರ್ ನೀರು, ಮಿರ್ಚಿ

ಕೊಪ್ಪಳ, ರಾಯಚೂರು ಜಿಲ್ಲೆಗಳ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ನಿಜ. ಅದು ಹಲ್ಲು ಮತ್ತು ಮೂಳೆ ಕೆಡಿಸುತ್ತದೆ, ಪಿತ್ತನಾಳವನ್ನಲ್ಲ. ಆದರೂ ನಿಮ್ಮ ಪ್ರಶ್ನೆ ಇನ್ನೊಂದು ರೀತಿಯಲ್ಲಿ ಉಪಯುಕ್ತ. ಆಲ್ಕಲೈನ್ ಫಾಸ್ಫಟೇಸ್ ಲಿವರ್‌ನಿಂದಷ್ಟೇ ಅಲ್ಲ, ಮೂಳೆಯಿಂದಲೂ ಬರುತ್ತದೆ. ಬೆಳೆಯುವ ಮಗುವಿನಲ್ಲಿ ಸಹಜವಾಗಿಯೇ ಹೆಚ್ಚು. ವಿಟಮಿನ್ ಡಿ ಕೊರತೆ, ಮೂಳೆಗೆ ಇಳಿದ ಫ್ಲೋರೈಡ್ ಎರಡೂ ಅದನ್ನು ಇನ್ನೂ ಏರಿಸಬಲ್ಲವು. ಆದ್ದರಿಂದ ನಿಮ್ಮ ಮಗನ 610 ನೋಡಿ ಹೆದರಬೇಡಿ, ಅದು ಇಳಿಯಿತೆಂದು ಹಿಗ್ಗಲೂ ಬೇಡಿ. ಪಿತ್ತನಾಳದ ತೊಂದರೆ ತೋರಿಸುವ ಜಿಜಿಟಿ ಮೂಳೆಯಿಂದ ಬರುವುದಿಲ್ಲ. ನೀವು ಡೈರಿಯಲ್ಲಿ ಬರೆದಿಡಬೇಕಾದದ್ದು ಆ 386.

ಮಿರ್ಚಿ ಬಜ್ಜಿ, ಖಾರದ ಚಟ್ನಿ ಈ ಕಾಯಿಲೆ ತರುವುದಿಲ್ಲ. ಭೇದಿ ಜೋರಾಗಿರುವ ವಾರಗಳಲ್ಲಿ ಖಾರ, ಹಸಿ ಉಳ್ಳಾಗಡ್ಡಿ, ಹಸಿ ಸೌತೆ, ಮೊಳಕೆ ಕಾಳು ಹೊಟ್ಟೆ ಹಿಂಡುತ್ತವೆ. ಆಗ ಅನ್ನ, ಬೇಳೆ ಕಟ್ಟು, ಮೊಸರು, ಬಾಳೆಹಣ್ಣು, ತಿನ್ನುವವರಾದರೆ ಮೊಟ್ಟೆ ಕೊಡಿ. ತಣ್ಣಗಾದ ಮೇಲೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಎಲ್ಲವೂ ಆಗಬಹುದು. ಬೂಸ್ಟು ಹಿಡಿದ ಶೇಂಗಾ ಮಾತ್ರ ಆರಿಸಿ ಎಸೆಯಿರಿ. ಅದರ ವಿಷ ಯಾರ ಲಿವರ್‌ಗೂ ಒಳ್ಳೆಯದಲ್ಲ. ಲಿವರ್ ಕಾಯಿಲೆ ಎಂದು ಎಣ್ಣೆ, ತುಪ್ಪ, ಉಪ್ಪು, ಅರಿಶಿನ ಬಿಡಿಸಿ ಕಬ್ಬಿನ ಹಾಲಿನ ಮೇಲೆ ಇಡುವ ಪಥ್ಯ ಇವನಿಗೆ ಸಲ್ಲ. 28 ಕೆ.ಜಿ. ಈ ವಯಸ್ಸಿಗೆ ಕಡಿಮೆ. ಇವನಿಗೆ ಕ್ಯಾಲೊರಿಯೂ ಪ್ರೋಟೀನೂ ಹೆಚ್ಚು ಬೇಕು.

ಕಾಮಣಿ ಔಷಧಿ ಕೆಲಸ ಮಾಡಿದಂತೆ ಕಾಣುವುದು ಏಕೆ?

ಮಾವನವರನ್ನು ಜರೆಯುವ ಅಗತ್ಯವಿಲ್ಲ. ಅವರು ಕಂಡಿರುವ ಕಾಮಣಿ ಬಹುಪಾಲು ನೀರಿನಿಂದ ಹರಡುವ ಹೆಪಟೈಟಿಸ್ ಎ ಅಥವಾ ಇ. ಅದು ಮಕ್ಕಳಲ್ಲಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹೆಸರು ಆ ಸಮಯದಲ್ಲಿ ಕೊಟ್ಟ ಎಲೆಯ ರಸಕ್ಕೆ ಹೋಗುತ್ತದೆ. ನಿಮ್ಮ ಮಗನಿಗೆ ಕಾಮಣಿಯೇ ಇಲ್ಲ, ಬಿಲಿರುಬಿನ್ 0.9 ಅಂದರೆ ಸಹಜ. ಇವನಿಗೆ ಗಿಡಮೂಲಿಕೆಯಲ್ಲಿ ಇನ್ನೊಂದು ಅಪಾಯವಿದೆ. ರೋಗನಿರೋಧಕ ಶಕ್ತಿಗೆಂದು ಕುಡಿಯುವ ಅಮೃತಬಳ್ಳಿಯ ಕಷಾಯದಿಂದ ಆಟೊಇಮ್ಯೂನ್ ಮಾದರಿಯ (ದೇಹದ ರಕ್ಷಣಾ ವ್ಯವಸ್ಥೆಯೇ ದಾಳಿ ಮಾಡುವ) ಲಿವರ್ ಉರಿಯೂತ ಬಂದ ಪ್ರಕರಣಗಳನ್ನು ಕೋವಿಡ್ ಕಾಲದಿಂದ ಈಚೆಗೆ ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ದೇಹದ ರಕ್ಷಣಾ ವ್ಯವಸ್ಥೆ ಈಗಾಗಲೇ ಲಿವರ್ ಮೇಲೆ ತಿರುಗಿರುವ ಮಗುವಿಗೆ ಅದು ಖಂಡಿತ ಬೇಡ. ಹೊಟ್ಟೆಗೆ ಬರೆ ಹಾಕಿಸುವುದಂತೂ ಬೇಡವೇ ಬೇಡ. ತಾಯತ ಕಟ್ಟಿದರೆ ಕಟ್ಟಲಿ. ಹೊಟ್ಟೆಗೆ ಏನೂ ಹೋಗದಿದ್ದರೆ ಸಾಕು.

‘ತಾನೇ ಇಳಿದದ್ದಕ್ಕೆ ಔಷಧಿಗೆ ಹೆಸರು’ ಎಂಬ ಮಾತನ್ನು ನೆನಪಿಡಿ. ಇದು ಎಲೆಯ ರಸಕ್ಕಷ್ಟೇ ಅಲ್ಲ, ನಮ್ಮ ಔಷಧಿಗಳಿಗೂ ಅನ್ವಯಿಸುತ್ತದೆ.

ಮೊದಲು ಆಗಬೇಕಾದದ್ದು

ಮಕ್ಕಳ ಪಿಎಸ್‌ಸಿಯಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಆಟೊಇಮ್ಯೂನ್ ಹೆಪಟೈಟಿಸ್ ಕೂಡಿಕೊಂಡಿರುತ್ತದೆ. ಅಂದರೆ ನಾಳದ ಜೊತೆಗೆ ಲಿವರ್‌ನ ಜೀವಕೋಶಗಳ ಮೇಲೂ ದಾಳಿ. ಈ ಕೂಡಿದ ಭಾಗಕ್ಕೆ ಒಳ್ಳೆಯ ಔಷಧಿ ಇದೆ, ಹಾಗಾಗಿ ಅದನ್ನು ಹುಡುಕದೆ ಬಿಡುವುದು ಈ ಕಾಯಿಲೆಯಲ್ಲಿ ಆಗುವ ದೊಡ್ಡ ತಪ್ಪು. ಲಿವರ್‌ನ ಜೀವಕೋಶ ಕೆಟ್ಟಾಗ ಏರುವ ಎಸ್‌ಜಿಪಿಟಿ 142 ಇರುವ ಮಗುವಿಗೆ ಐಜಿಜಿ ಮಟ್ಟ, ಎಎನ್‌ಎ, ಸ್ಮೂತ್ ಮಸಲ್ ಪ್ರತಿಕಾಯ ಪರೀಕ್ಷೆ ಆಗಲೇಬೇಕು. ಲಿವರ್ ಬಯಾಪ್ಸಿಯೂ ಬೇಕು. ಎಂಆರ್‌ಸಿಪಿ ನಾಳದ ಚಿತ್ರ ತೋರಿಸುತ್ತದೆ, ಜೀವಕೋಶದ ಉರಿಯೂತವನ್ನೂ ಕಲೆ ಎಷ್ಟು ಮುಂದುವರಿದಿದೆ ಎಂಬುದನ್ನೂ ತೋರಿಸುವುದಿಲ್ಲ. ಬಯಾಪ್ಸಿಯ ಮುಖ್ಯ ಅಪಾಯ ರಕ್ತಸ್ರಾವ. ಅದಕ್ಕೇ ಮೊದಲು ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಐಎನ್ಆರ್ ನೋಡುತ್ತಾರೆ. ಐಎನ್ಆರ್ ಹೆಚ್ಚಿದ್ದರೆ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು ಮತ್ತೆ ನೋಡಬೇಕು. ಪಿತ್ತ ಕರುಳಿಗೆ ಸರಿಯಾಗಿ ಇಳಿಯದಿದ್ದರೆ ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ವಿಟಮಿನ್‌ಗಳು ದೇಹಕ್ಕೆ ಹತ್ತುವುದಿಲ್ಲ.

ಪಿಎಸ್‌ಸಿಯಂತೆಯೇ ಕಾಣುವ ಬೇರೆ ಕಾಯಿಲೆಗಳನ್ನೂ ಬದಿಗಿಟ್ಟಿದ್ದಾರೆಯೇ ಎಂದು ಕೇಳಿ. ಪೋರ್ಟಲ್ ವೇನ್ ಚಿಕ್ಕಂದಿನಲ್ಲೇ ಮುಚ್ಚಿಹೋಗುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಅಂಥ ಮಕ್ಕಳಲ್ಲಿ ಸುತ್ತ ಬೆಳೆದ ಅಡ್ಡ ರಕ್ತನಾಳಗಳು ಪಿತ್ತನಾಳವನ್ನು ಒತ್ತಿ ಇದೇ ಚಿತ್ರ ಕೊಡುತ್ತವೆ. ಡಾಪ್ಲರ್ ಅಲ್ಟ್ರಾಸೌಂಡ್ ಒಂದೇ ಸಾಕು ಅದನ್ನು ಹೇಳಲು. ಲಿವರ್‌ನಲ್ಲಿ ತಾಮ್ರ ಸೇರುವ ವಿಲ್ಸನ್ ಕಾಯಿಲೆಗೆ ಸೆರುಲೋಪ್ಲಾಸ್ಮಿನ್ ಎಂಬ ರಕ್ತ ಪರೀಕ್ಷೆ. ಕರುಳಿನ ಬಯಾಪ್ಸಿಯಲ್ಲಿ ಕ್ಷಯ ಇಲ್ಲವೆಂದು ನೋಡಿದ್ದಾರೆಯೇ ಎಂಬುದೂ ಮುಖ್ಯ. ಮುಂದೆ ರಕ್ಷಣಾ ಶಕ್ತಿ ತಗ್ಗಿಸುವ ಸ್ಟೆರಾಯ್ಡ್ ಅಥವಾ ಬಯಾಲಜಿಕ್ ಇಂಜೆಕ್ಷನ್ ಬಂದರೆ ಅಡಗಿದ ಟಿಬಿ ಎದ್ದು ನಿಲ್ಲುತ್ತದೆ.

ಕೂಡಿಕೊಂಡ ಹೆಪಟೈಟಿಸ್ ಇದ್ದರೆ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡನ್ನು ದಿನಕ್ಕೆ ಕೆ.ಜಿ.ಗೆ 1ರಿಂದ 2 ಮಿ.ಗ್ರಾಂನಂತೆ ಆರಂಭಿಸಿ, ಎಸ್‌ಜಿಪಿಟಿ ಇಳಿದ ಹಾಗೆ ವಾರ ವಾರ ತಗ್ಗಿಸಿ, ಅಜಥಯೊಪ್ರಿನ್ ಸೇರಿಸುತ್ತಾರೆ. ಅಜಥಯೊಪ್ರಿನ್‌ಗೆ ಮುಂಚೆ ಎನ್‌ಯುಡಿಟಿ15 ವಂಶವಾಹಿ ಪರೀಕ್ಷೆ ಸಿಕ್ಕರೆ ಮಾಡಿಸಿ. ಭಾರತೀಯರಲ್ಲಿ ಈ ಔಷಧಿಯಿಂದ ಬಿಳಿ ರಕ್ತಕಣ ಕುಸಿಯುವುದಕ್ಕೆ, ಪಾಶ್ಚಾತ್ಯರಲ್ಲಿ ಹೆಸರಾದ ಟಿಪಿಎಂಟಿ ವಂಶವಾಹಿಗಿಂತ ಇದು ಹೆಚ್ಚು ಕಾರಣ. ಪರೀಕ್ಷೆ ಆಗದಿದ್ದರೆ ಸಣ್ಣ ಪ್ರಮಾಣದಿಂದ ಶುರುಮಾಡಿ ಮೊದಲ ಎರಡು ತಿಂಗಳು ಎರಡು ವಾರಕ್ಕೊಮ್ಮೆ ರಕ್ತಕಣ ಎಣಿಸಬೇಕು. ಸ್ಟೆರಾಯ್ಡನ್ನು ಜ್ವರ ಬಂತೆಂದೋ ಮುಖ ಊದಿತೆಂದೋ ಒಮ್ಮೆಗೇ ನಿಲ್ಲಿಸಬಾರದು. ಇವನ್ನು ಆರಂಭಿಸುವ ಮೊದಲೇ ಚಿಕನ್‌ಪಾಕ್ಸ್, ಹೆಪಟೈಟಿಸ್ ಎ ಮತ್ತು ಬಿ, ನ್ಯುಮೊಕಾಕಲ್ ಲಸಿಕೆಗಳ ಲೆಕ್ಕ ನೋಡಿ. ಚಿಕನ್‌ಪಾಕ್ಸ್‌ನಂಥ ಜೀವಂತ ಲಸಿಕೆಯನ್ನು ಆಮೇಲೆ ಕೊಡುವಂತಿಲ್ಲ. ಈ ಚಿಕಿತ್ಸೆ ಹೆಪಟೈಟಿಸ್ ಭಾಗವನ್ನು ತಣಿಸುತ್ತದೆ, ನಾಳದ ಭಾಗ ತನ್ನ ದಾರಿ ಹಿಡಿಯಬಹುದು.

ಈಗ ಕರುಳು. ಮಕ್ಕಳಿಗೆ ಮೆಸಲಮೈನ್ ದಿನಕ್ಕೆ ಕೆ.ಜಿ.ಗೆ 60ರಿಂದ 80 ಮಿ.ಗ್ರಾಂ. 28 ಕೆ.ಜಿ.ಗೆ ಅದು ಸುಮಾರು 1,700ರಿಂದ 2,200 ಮಿ.ಗ್ರಾಂ ಆಗುತ್ತದೆ, ನೀವು ಕೊಡುತ್ತಿರುವುದು 1,200. ಬೇಕೆಂದೇ ಕಡಿಮೆ ಇಟ್ಟಿದ್ದಾರೋ, ತೂಕ ಏರಿದ ಮೇಲೆ ಬದಲಿಸುವುದು ಮರೆತಿದೆಯೋ ಕೇಳಿ. ನೀವಾಗಿಯೇ ಏರಿಸಬೇಡಿ. ಮಾತ್ರೆಯನ್ನು ಪುಡಿ ಮಾಡಿ ಕೊಡುತ್ತಿದ್ದರೆ ನಿಲ್ಲಿಸಿ. ಹೊರಪದರ ಒಡೆದರೆ ಔಷಧಿ ದೊಡ್ಡ ಕರುಳು ತಲುಪುವ ಮೊದಲೇ ಮುಗಿದುಹೋಗುತ್ತದೆ. ರಕ್ತ ನಿಂತ ಮಾತ್ರಕ್ಕೆ ಕರುಳು ವಾಸಿಯಾಗಿದೆ ಎನ್ನುವಂತಿಲ್ಲ, ಈ ಮಕ್ಕಳಲ್ಲಂತೂ ಇಲ್ಲ. ಕರುಳಿನ ಉರಿಯೂತ ಅಳೆಯುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮೂರರಿಂದ ಆರು ತಿಂಗಳಿಗೊಮ್ಮೆ ಮಾಡಿಸಿದರೆ ಒಳಗಿನ ಸುದ್ದಿ ತಿಳಿಯುತ್ತದೆ.

ಅರ್ಸೊ ಮತ್ತು ವ್ಯಾಂಕೊಮೈಸಿನ್

ಅರ್ಸೊಡಿಯಾಕ್ಸಿಕೋಲಿಕ್ ಆಮ್ಲ ಪಿತ್ತವನ್ನು ತೆಳುವಾಗಿಸುತ್ತದೆ, ಸಂಖ್ಯೆಗಳನ್ನು ಇಳಿಸುತ್ತದೆ; ಲಿವರ್‌ನ ಆಯಸ್ಸು ಹೆಚ್ಚಿಸಿದ್ದು ಸಾಬೀತಾಗಿಲ್ಲ. ಹೆಚ್ಚು ಕೊಟ್ಟರೆ ಹೆಚ್ಚು ಲಾಭ ಎಂದು ವಯಸ್ಕರಲ್ಲಿ ಕೆ.ಜಿ.ಗೆ 28ರಿಂದ 30 ಮಿ.ಗ್ರಾಂ ಕೊಟ್ಟು ನೋಡಿದ ಅಧ್ಯಯನ 2009ರಲ್ಲಿ ಹೊರಬಂತು. ಸಂಖ್ಯೆಗಳು ಚೆನ್ನಾಗಿ ಇಳಿದವು, ಆದರೆ ರೋಗಿಗಳ ಸ್ಥಿತಿ ಔಷಧಿಯಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಿಗಿಂತ ಕೆಟ್ಟಿತು. ಮಕ್ಕಳಿಗೆ 10ರಿಂದ 15, ಹೆಚ್ಚೆಂದರೆ 20 ಮಿ.ಗ್ರಾಂ. ನಿಮ್ಮ 600 ಮಿ.ಗ್ರಾಂ ಎಂದರೆ ಕೆ.ಜಿ.ಗೆ 21, ಅಂಚು ದಾಟಿದೆ. 150ರ ಮಾತ್ರೆಯೂ ಸಿಗುವುದರಿಂದ 450 ಮಾಡುವುದು ಕಷ್ಟವಲ್ಲ, ವೈದ್ಯರ ಜೊತೆ ಮಾತಾಡಿ.

ಬಾಯಿಯಿಂದ ಕೊಡುವ ವ್ಯಾಂಕೊಮೈಸಿನ್‌ನ ಕಥೆ ಶುರುವಾದದ್ದು 1998ರಲ್ಲಿ, ಅಮೆರಿಕದ ವೈದ್ಯರು ಮೂರು ಮಕ್ಕಳಲ್ಲಿ ಒಳ್ಳೆಯ ಫಲ ಕಂಡಾಗ. ಈ ಆ್ಯಂಟಿಬಯಾಟಿಕ್ ಕರುಳಿನಿಂದ ರಕ್ತಕ್ಕೆ ಹೆಚ್ಚುಕಡಿಮೆ ಹೋಗುವುದೇ ಇಲ್ಲ, ಒಳಗಿನ ಬ್ಯಾಕ್ಟೀರಿಯಾ ಬಳಗವನ್ನು ಬದಲಿಸುತ್ತದೆ. ಕೆಲವು ಮಕ್ಕಳಲ್ಲಿ ಜಿಜಿಟಿ ನಾಟಕೀಯವಾಗಿ ಇಳಿಯುತ್ತದೆ, ಕರುಳಿನ ರಕ್ತವೂ ನಿಲ್ಲುತ್ತದೆ. ನಿಮಗೆ ಹೇಳಿದ ವೈದ್ಯರು ಸುಳ್ಳು ಹೇಳಿಲ್ಲ. ಆದರೆ 2021ರಲ್ಲಿ ಹಲವು ಕೇಂದ್ರಗಳು ಸೇರಿ ಒಂದೇ ಥರದ ಸ್ಥಿತಿಯಲ್ಲಿದ್ದ 264 ಮಕ್ಕಳನ್ನು ಹೋಲಿಸಿದವು: 88 ಮಕ್ಕಳಿಗೆ ವ್ಯಾಂಕೊಮೈಸಿನ್, 88ಕ್ಕೆ ಅರ್ಸೊ, 88ಕ್ಕೆ ಎರಡೂ ಇಲ್ಲ. ಒಂದು ವರ್ಷದ ನಂತರ ಜಿಜಿಟಿ ಸಹಜಕ್ಕೆ ಬಂದದ್ದು ಕ್ರಮವಾಗಿ ನೂರಕ್ಕೆ 53, 49 ಮತ್ತು 52 ಮಕ್ಕಳಲ್ಲಿ. ಏನೂ ಕೊಡದಿದ್ದವರಲ್ಲೂ ಅರ್ಧದಷ್ಟು! ಮೂರು ಮಕ್ಕಳಲ್ಲಿ ಕಂಡ ಫಲವನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿದರೆ ಮಾವನವರ ಕಾಮಣಿ ಔಷಧಿಯ ಮಾತು ಮತ್ತೆ ನೆನಪಾಗುತ್ತದೆ.

ಜಿಜಿಟಿ ನೋಡಿ ಪ್ರಯೋಜನವಿಲ್ಲ ಎಂದು ಇದರರ್ಥವಲ್ಲ. ಮೊದಲ ವರ್ಷದಲ್ಲಿ ಅದು 50ರ ಕೆಳಗೆ ಬಂದ ಅಥವಾ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಇಳಿದ ಮಕ್ಕಳು, ಯಾವ ಔಷಧಿ ತೆಗೆದುಕೊಂಡರೂ ಬಿಟ್ಟರೂ, ಮುಂದೆ ಚೆನ್ನಾಗಿರುತ್ತಾರೆ. ಅದು ಭವಿಷ್ಯ ಹೇಳುವ ಸಂಖ್ಯೆ. ಔಷಧಿ ಗೆದ್ದಿತೆಂಬ ಸಾಕ್ಷಿ ಅಲ್ಲ.

ಹಾಗಾದರೆ ಕೊಡಬೇಕೋ ಬೇಡವೋ? ನನ್ನ ಅಭಿಪ್ರಾಯ ಹೀಗಿದೆ. ಮೆಸಲಮೈನ್ ಸರಿಯಾದ ಪ್ರಮಾಣದಲ್ಲಿ ಕೊಟ್ಟೂ ಕರುಳು ತಣಿಯದಿದ್ದರೆ, ಮೂರು ತಿಂಗಳ ಗಡುವಿನ ಪ್ರಯೋಗವಾಗಿ ವ್ಯಾಂಕೊಮೈಸಿನ್ ಯೋಚಿಸಬಹುದು. ಸಾಮಾನ್ಯ ಪ್ರಮಾಣ ದಿನಕ್ಕೆ ಕೆ.ಜಿ.ಗೆ 50 ಮಿ.ಗ್ರಾಂ, ಮೂರು ಪಾಲು, ಒಟ್ಟು 1,500 ಮೀರದಂತೆ. ಶುರುವಿಗೆ ಮುಂಚೆ ಮತ್ತು ಗಡುವಿನ ದಿನ ಜಿಜಿಟಿ, ಕ್ಯಾಲ್‌ಪ್ರೊಟೆಕ್ಟಿನ್ ಎರಡನ್ನೂ ನೋಡಿ. ಕರುಳಿನಲ್ಲಿ ಬದಲಾವಣೆ ಇಲ್ಲದಿದ್ದರೆ ನಿಲ್ಲಿಸಿ. ಕ್ಯಾಪ್ಸೂಲ್ ದುಬಾರಿ, ತಾಲೂಕು ಊರಿನ ಮೆಡಿಕಲ್ ಶಾಪ್‌ನಲ್ಲಿ ಸಿಗುವುದೂ ಕಷ್ಟ. ಇಂಜೆಕ್ಷನ್ ಬಾಟಲಿಯ ಪುಡಿಯನ್ನೇ ನೀರಿನಲ್ಲಿ ಕರಗಿಸಿ ಕುಡಿಸುವ ಪದ್ಧತಿ ಇದೆ. ಎಷ್ಟು ನೀರಿಗೆ ಎಷ್ಟು, ಎಷ್ಟು ದಿನ ಫ್ರಿಜ್‌ನಲ್ಲಿ ಇಡಬಹುದು ಎಂಬುದನ್ನು ಆಸ್ಪತ್ರೆಯ ಫಾರ್ಮಸಿಸ್ಟ್ ಬರೆದುಕೊಡಲಿ. ಅದೇ ಬಾಟಲಿಯನ್ನು ಊರಿನಲ್ಲಿ ಯಾರಾದರೂ ಅಭ್ಯಾಸಬಲದಿಂದ ನರಕ್ಕೆ ಕೊಟ್ಟುಬಿಟ್ಟರೆ ಕರುಳಿಗೆ ಲಾಭವಿಲ್ಲ, ಮೂತ್ರಪಿಂಡಕ್ಕೆ ಅಪಾಯ. ಚೀಟಿಯ ಮೇಲೆ ‘ಕುಡಿಯಲು ಮಾತ್ರ’ ಎಂದು ಕನ್ನಡದಲ್ಲೇ ಬರೆಸಿಕೊಳ್ಳಿ. ವರ್ಷಗಟ್ಟಲೆ ಕೊಡುವುದರ ದೊಡ್ಡ ಚಿಂತೆ ವ್ಯಾಂಕೊಮೈಸಿನ್‌ಗೆ ಬಗ್ಗದ ಎಂಟೆರೊಕಾಕಸ್ ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆಸುವುದು. ಮುಂದೆಂದೋ ಲಿವರ್ ಕಸಿ ಬೇಕಾದರೆ ಅದು ದುಬಾರಿ ಶತ್ರು.

ಕರುಳು ತೆಗೆಸುವುದು, ಲಿವರ್ ಬದಲಿಸುವುದು

ದೊಡ್ಡ ಕರುಳು ತೆಗೆದರೆ ಪಿತ್ತನಾಳದ ಕಾಯಿಲೆ ನಿಲ್ಲುವುದಿಲ್ಲ. ಜೊತೆಗೆ, ಸಣ್ಣ ಕರುಳಿನಿಂದ ಚೀಲ ಮಾಡಿ ಜೋಡಿಸಿದಾಗ ಆ ಚೀಲ ಊದಿಕೊಳ್ಳುವುದು ಪಿಎಸ್‌ಸಿ ಇರುವವರಲ್ಲಿ ಹೆಚ್ಚು. ಕರುಳೇ ಔಷಧಿಗೆ ಬಗ್ಗದಿದ್ದರೆ ಮಾತ್ರ ಆ ಶಸ್ತ್ರಚಿಕಿತ್ಸೆ.

ಕಸಿಯ ಬಗ್ಗೆ, 2017ರಲ್ಲಿ ಪ್ರಕಟವಾದ 781 ಮಕ್ಕಳ ಲೆಕ್ಕ ಒಂದಿದೆ. ಕಸಿಯೂ ಸೇರಿದಂತೆ ಯಾವ ದೊಡ್ಡ ತೊಡಕೂ ಇಲ್ಲದೆ 5 ವರ್ಷ ಕಳೆದವರು ನೂರಕ್ಕೆ 70, 10 ವರ್ಷ ಕಳೆದವರು 53. ಕರುಳಿನ ಉರಿಯೂತ ಜೊತೆಗಿರುವ ಮಕ್ಕಳ ಸ್ಥಿತಿ, ಇಲ್ಲದವರಿಗಿಂತ ಉತ್ತಮವೇ ಇತ್ತು. ನಿಮಗೆ ಇದು ಅನಿರೀಕ್ಷಿತ ಎನಿಸಬಹುದು. ಪಿತ್ತನಾಳದ ಕ್ಯಾನ್ಸರ್ ಬಂದದ್ದು ನೂರಕ್ಕೆ ಒಬ್ಬರಿಗೆ. ಅಂದರೆ ‘ಕಸಿ ಮಾಡಿಸಲೇಬೇಕು’ ಎಂಬ ಮಾತು ಇವತ್ತಿನದಲ್ಲ. ಮಾಡಬೇಕಾಗಿ ಬಂದರೂ ಕಾಯಿಲೆ ಹೊಸ ಲಿವರ್‌ಗೆ ಮರಳುವುದುಂಟು, ಕರುಳು ಉರಿಯುತ್ತಿದ್ದರೆ ಹೆಚ್ಚು. ಬಿಪಿಎಲ್ ಕುಟುಂಬಗಳ ಅಂಗಾಂಗ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ನೆರವಿದೆ. ಈಗಿನ ಪರೀಕ್ಷೆ, ದಾಖಲಾತಿಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಂಡೇ ಬೆಂಗಳೂರು ಹತ್ತಿ.

ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆಗೆ ಕೊಲೊನೊಸ್ಕೋಪಿ ತಪಾಸಣೆ ಸುಮಾರು 15ನೇ ವಯಸ್ಸಿನಿಂದ ಶುರುವಾಗಬೇಕು. ಅಷ್ಟರಲ್ಲಿ ಅವನಿಗೆ ಯಾವ ತೊಂದರೆಯೂ ಇರದೆ, ನಿಮಗೂ ಇದೆಲ್ಲ ಮರೆತಿರಬಹುದು; ಫೈಲ್‌ನ ಮೊದಲ ಪುಟದಲ್ಲೇ ಬರೆದಿಡಿ. ಮೂರು ತಿಂಗಳಿಗೊಮ್ಮೆ ಆಗಬೇಕಾದ ರಕ್ತಕಣ, ಎಸ್‌ಜಿಪಿಟಿ, ಜಿಜಿಟಿ, ಬಿಲಿರುಬಿನ್, ಆಲ್ಬುಮಿನ್, ಐಎನ್ಆರ್, ಎತ್ತರ–ತೂಕ ಇವಕ್ಕೆಲ್ಲ ರಾತ್ರಿಯಿಡೀ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೂರಬೇಕಿಲ್ಲ, ಕೊಪ್ಪಳದಲ್ಲೋ ಬಳ್ಳಾರಿಯಲ್ಲೋ ಮಾಡಿಸಿ ಫೋನಿನಲ್ಲಿ ಕಳಿಸಿದರೆ ಸಾಕು.

ಕಾಯಬಾರದ ಸಂದರ್ಭಗಳು ಬೇರೆ. ನಡುಕದ ಜ್ವರದ ಜೊತೆ ಬಲಗಡೆ ಮೇಲ್ಹೊಟ್ಟೆ ನೋವು ಅಥವಾ ಕಣ್ಣು ಹಳದಿ ಬಂದರೆ ಅದು ಪಿತ್ತನಾಳದ ಸೋಂಕು. ಬೆಂಗಳೂರಿನ ರೈಲು, ಬಸ್ಸು ಹುಡುಕುತ್ತಾ ಕೂರದೆ ಅದೇ ಗಂಟೆಯಲ್ಲಿ ಕೊಪ್ಪಳದ ಕಿಮ್ಸ್, ರಾಯಚೂರಿನ ರಿಮ್ಸ್, ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಎನ್ನುವ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ರಕ್ತದ ಕಲ್ಚರ್ ತೆಗೆದು ನರದ ಮೂಲಕ ಆ್ಯಂಟಿಬಯಾಟಿಕ್ ಶುರುಮಾಡುವುದು ಅಲ್ಲಿಯೇ ಆಗುತ್ತದೆ. ನಾಳ ತೀರ ಕಿರಿದಾಗಿದ್ದರೆ ಇಆರ್‌ಸಿಪಿಯಲ್ಲಿ (ಬಾಯಿಯಿಂದ ಕೊಳವೆ ಇಳಿಸಿ ಮಾಡುವ ವಿಧಾನ) ಬಲೂನಿನಿಂದ ಹಿಗ್ಗಿಸಲು ಆಮೇಲೆ ದೊಡ್ಡ ಕೇಂದ್ರಕ್ಕೆ ಕಳಿಸುತ್ತಾರೆ. ಬರೀ ನೋಡುವುದಕ್ಕೆಂದು ಇಆರ್‌ಸಿಪಿ ಮಾಡಿಸಬೇಡಿ, ಅದು ಮೇದೋಜೀರಕ ಗ್ರಂಥಿಯನ್ನು ಕೆರಳಿಸಬಹುದು. ರಕ್ತ ವಾಂತಿ ಅಥವಾ ಡಾಂಬರಿನಂಥ ಕಪ್ಪು ಮಲಕ್ಕೂ ಇದೇ ಆತುರ. ನೋವು, ಜ್ವರಕ್ಕೆ ಐಬುಪ್ರೊಫೇನ್ ಬೇಡ. ಪ್ಯಾರಾಸಿಟಮಾಲ್ ಸಲಕ್ಕೆ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ ಲೆಕ್ಕದಲ್ಲಿ ಕೊಡಬಹುದು, ಅದು ಲಿವರ್‌ಗೆ ವಿಷವೆಂದು ಹೆದರಬೇಡಿ.

ತಂಗಿಯ ವಿಚಾರ. ಒಡಹುಟ್ಟಿದವರಲ್ಲಿ ಸಾಧ್ಯತೆ ಬೇರೆ ಮಕ್ಕಳಿಗಿಂತ ಹೆಚ್ಚು, ಆದರೂ ಬಹಳ ಕಡಿಮೆ. ಅವಳು ಚೆನ್ನಾಗಿ ಬೆಳೆಯುತ್ತಿದ್ದರೆ ಯಾವ ಪರೀಕ್ಷೆಯೂ ಬೇಡ. ನಾಲ್ಕು ವಾರ ಮೀರಿದ ಭೇದಿ, ಮಲದಲ್ಲಿ ರಕ್ತ, ಕಾರಣವಿಲ್ಲದ ಮೈ ತುರಿಕೆ ಅಥವಾ ತೂಕ ನಿಂತುಹೋಗುವುದು ಕಂಡರೆ ಆಮಶಂಕೆಯ ಔಷಧಿ ಎರಡನೇ ಸಲ ತರುವ ಮೊದಲು ಜಿಜಿಟಿ ಮತ್ತು ಕ್ಯಾಲ್‌ಪ್ರೊಟೆಕ್ಟಿನ್ ಮಾಡಿಸಿ.